ಎರೆಹೊಲದ ಕಾವಲು

ವನ್ಯಜೀವಿ ಸಂರಕ್ಷಣೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರ ಒಂದೆ. ದೊಡ್ಡದೊಂದು ಹೆಬ್ಬಾಗಿಲು, ಅದರಾಚೆ ಬಿದಿರುಮೆಳೆ, ಹಸಿರು ಬಣ್ಣದ ಜೀಪು, ಖಾಕಿ ತೊಟ್ಟ ಕಾವಲುಗಾರ. ಅದೃಷ್ಟವಿದ್ದರೆ ಒಂದು ಆನೆಹಿಂಡು, ಪೂರ್ವಪುಣ್ಯವಿದ್ದರೆ ಹುಲಿ. ಬಂಡೀಪುರ ನಾಗರಹೊಳೆಗಳು ಕನ್ನಡಿಗರ ಮನಸ್ಸಿನಲ್ಲಿ ಈ ಚಿತ್ರವನ್ನು ಎಷ್ಟು ಆಳವಾಗಿ ಕೊರೆದಿವೆಯೆಂದರೆ, ಮರವಿಲ್ಲದೆಡೆಯೂ ಕಾಡುಂಟು, ಬೇಲಿಯಿಲ್ಲದೆಡೆಯೂ ಕಾವಲುಂಟು ಎಂದರೆ ನಂಬುವವರು ಕಡಿಮೆ. ಬಳ್ಳಾರಿಯ ಬಿಸಿಲನ್ನು ಬಲ್ಲವರಂತೂ ನಕ್ಕುಬಿಟ್ಟಾರು. ನೆರಳಿಗೇ ಬರವಿರುವ ಸೀಮೆಯಲ್ಲಿ ಕಾಡೆಲ್ಲಿಂದ ಬರಬೇಕು?

ಆದರೂ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಈ ಮೂರೂರುಗಳನ್ನು ಎರಡು ದಿನ ಸಾವಕಾಶವಾಗಿ ಸುತ್ತುವ ಪ್ರವಾಸಿಗೆ ಎರಡು ಬಗೆಯ ಕಾವಲು ಕಾಣಸಿಗುತ್ತದೆ. ಒಂದು ಕಲ್ಲುಗುಡ್ಡದ ಕಾವಲು, ಇನ್ನೊಂದು ಎರೆಹೊಲದ ಕಾವಲು. ಮೊದಲನೆಯದರ ಹದವನ್ನು ಸರ್ಕಾರವು ತಕ್ಕಮಟ್ಟಿಗೆ ಅರಿತುಕೊಂಡಿದೆ. ಎರಡನೆಯದರ ಹದ ಭಾರತದಲ್ಲಿ ಎಲ್ಲಿಯೂ ಇನ್ನೂ ಸರಿಯಾಗಿ ಕೈಗೆ ಸಿಕ್ಕಿಲ್ಲ. ಅದು ಸಿಗುವುದರೊಳಗೆ ಕರ್ನಾಟಕದ ಒಂದು ಹಕ್ಕಿ ಇಲ್ಲವಾಗಿಬಿಡುವ ಸಂಭವವುಂಟು.

ಬಳ್ಳಾರಿ ಗುಡ್ಡದ ಕೋಟೆಯನ್ನೇರಿ ನಾಲ್ಕು ದಿಕ್ಕಿಗೂ ಕಣ್ಣು ಹಾಯಿಸಿದರೆ ಈ ನಾಡಿನ ಒಡಲು ಒಂದೇ ನೋಟಕ್ಕೆ ತಿಳಿಯುತ್ತದೆ. ಯಾರೋ ರಾಕ್ಷಸಬಾಲಕರು ಆಟಕ್ಕೆಂದು ಪೇರಿಸಿ ಬಿಟ್ಟುಹೋದಂತಿರುವ ಬೆಣಚುಗಲ್ಲಿನ ಗುಡ್ಡಗಳು. ಅವುಗಳ ನಡುವೆ ಸಮುದ್ರದಂತೆ ಹರಡಿದ ಬಯಲು. ಸಮೀಪದ ಸಂಗನಕಲ್ಲು ಕುಪ್ಪಗಲ್ಲುಗಳ ಬಂಡೆಗಳ ಮೇಲೆ ನವಶಿಲಾಯುಗದ ಜನ ಕುಟ್ಟಿ ಮೂಡಿಸಿದ ಗೂಳಿಗಳ ಚಿತ್ರಗಳಿವೆ. ದನ ಮೇಯಿಸುವ ಜನಕ್ಕೆ ಈ ಬಯಲು ಅಂದಿನಿಂದಲೂ ಹುಲ್ಲುಗಾವಲು. ಇಂದು ಅದೇ ಬಯಲಿನ ನೆತ್ತಿಯ ಮೇಲೆ ವಿದ್ಯುತ್ತಿನ ತಂತಿಗಳು ಜೇಡನ ಬಲೆಯಂತೆ ಹಬ್ಬಿವೆ. ಕುಡಿತಿನಿಯಲ್ಲಿರುವ 1,700 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರದಿಂದ ಹೊರಟ ದೊಡ್ಡ ದೊಡ್ಡ ಗೋಪುರಗಳು ಸಾಲುಗಟ್ಟಿ ನಿಂತಿರುವುದನ್ನು ಪ್ರವಾಸಿಯು ಗಮನಿಸದಿರಲಾರ. ಆ ತಂತಿಗಳ ಮಾತು ಮುಂದೆ ಮತ್ತೆ ಬರಲಿದೆ.

ಬಳ್ಳಾರಿಯಿಂದ ವಾಯವ್ಯಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಕುರುಗೋಡು. ಬಲ್ಲಕುಂದೆ ನಾಡನ್ನಾಳಿದ ಸಿಂದರ ರಾಜಧಾನಿ. ದೊಡ್ಡ ಬಸವೇಶ್ವರನ ಬೃಹತ್ ಏಕಶಿಲೆಯಿಂದ ಭಕ್ತರಿಗೆ ಪರಿಚಿತವಾದ ಊರು. ಊರ ಹಿಂದೆ ಬಂಡೆಯ ಮೇಲೆ ಬಂಡೆ ಒರಗಿ ನಿಂತ ಗುಡ್ಡಗಳು. ಆ ಬಂಡೆಗಳ ಸಂದಿಗಳಲ್ಲಿ ಹಗಲೆಲ್ಲ ತಂಪು ಕಾಯುವ ಗುಹೆಗಳುಂಟು. ಇಂತಹ ಗುಡ್ಡಗಳ ಸರಪಣಿ ಇಲ್ಲಿಂದ ಪಡುವಣಕ್ಕೆ ಹಂಪಿಯವರೆಗೂ ಹಬ್ಬಿದೆ. ಕರಡಿಗೂ ಚಿರತೆಗೂ ಇದಕ್ಕಿಂತ ಒಳ್ಳೆಯ ಮನೆ ಬೇರೆ ಬೇಕಿಲ್ಲ. ಈ ಸರಪಣಿಯ ನಡುವೆಯೆ ದರೋಜಿಯ ಕರಡಿಧಾಮವಿದೆ. 1994ರ ಅಕ್ಟೋಬರ್ 17ರಂದು ಬಿಳಿಕಲ್ಲು ಮೀಸಲು ಅರಣ್ಯದ 5,587 ಹೆಕ್ಟೇರನ್ನು ಕರಡಿಗಳಿಗೆಂದೇ ಸರ್ಕಾರವು ಘೋಷಿಸಿತು. ಅನಂತರ ಬುಕ್ಕಸಾಗರದ ಅರಣ್ಯವೂ ಸೇರಿ ಧಾಮದ ವಿಸ್ತಾರ 83 ಚದರ ಕಿಲೋಮೀಟರಿನಷ್ಟಾಯಿತು.

ಮಧ್ಯಾಹ್ನದ ಬಿಸಿಲು ಬಾಗುವ ಹೊತ್ತಿಗೆ ಕಾವಲುಗಾರರು ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬೆಲ್ಲ ಜೇನುಗಳ ಪಾಕವನ್ನು ಬಳಿದು ಬರುತ್ತಾರೆ. ನಾಲ್ಕು ಗಂಟೆ ಕಳೆಯುವಷ್ಟರಲ್ಲಿ ತಾಯಿಕರಡಿ ಬೆನ್ನಮೇಲೆ ಎರಡು ಮರಿಗಳನ್ನು ಕೂರಿಸಿಕೊಂಡು, ಊರುಗೋಲೂರುವ ಮುದುಕಿಯ ಹಾಗೆ ತೂಗುತ್ತ ಇಳಿದುಬರುವುದನ್ನು ಎದುರಿನ ಗೋಪುರದ ಮೇಲೆ ಕುಳಿತ ಜನ ಕಾಣಬಹುದು. ಸಹಜವಾಗಿ ಗೆದ್ದಲು, ಬಾರೆಹಣ್ಣು, ಕವಳೆಹಣ್ಣುಗಳನ್ನು ತಿಂದು ಬದುಕಬೇಕಾದ ಪ್ರಾಣಿಗೆ ಪ್ರತಿದಿನ ಬೆಲ್ಲದ ನೈವೇದ್ಯವೇಕೆ ಎಂದು ಕೇಳುವವರು ಕೇಳಬಹುದು. ಆ ಪಾಕ ಕರಡಿಯ ಹಸಿವೆಗಿಂತ ನೋಡುವವರ ಹಸಿವೆಗೇ ಹೆಚ್ಚು ಸಲ್ಲುತ್ತದೆ. ಆದರೂ, ಕರಡಿಯೆಂದರೆ ಕಲ್ಲೆಸೆಯುವುದನ್ನು ಮಾತ್ರ ಕಲಿತಿದ್ದ ಊರುಗಳ ಮಕ್ಕಳು ಗೋಪುರದ ಮೇಲೆ ಉಸಿರು ಬಿಗಿಹಿಡಿದು ಕುಳಿತಿರುವುದನ್ನು ಕಂಡಾಗ ಆಕ್ಷೇಪಣೆಯ ಮೊನೆ ಸ್ವಲ್ಪ ಮೊಂಡಾಗುತ್ತದೆ.

ಬೇಟೆ ತಡೆಯುವ ಕೆಲಸ ಈ ಬೆಲ್ಲದ ಪಾಕದಷ್ಟು ಸವಿಯಾದದ್ದಲ್ಲ. ಕಳ್ಳಬೇಟೆಗಾರನೆಂದರೆ ಮೀಸೆ ಹುರಿಮಾಡಿ ಕೋವಿ ಹಿಡಿದು ಬರುವವನೆಂಬ ಭಾವನೆ ಸಿನಿಮಾದ ಕೊಡುಗೆ. ಕಲ್ಲುಗುಡ್ಡದ ನಿಜವಾದ ಶತ್ರು ಮೋಟಾರ್‌ಸೈಕಲ್ಲಿನ ಕ್ಲಚ್ಚಿನ ತಂತಿ. ಅದನ್ನು ಕುಣಿಕೆಮಾಡಿ ಪ್ರಾಣಿಗಳು ನುಸುಳುವ ಕಿರುದಾರಿಯಲ್ಲಿ ಗೂಟಕ್ಕೆ ಬಿಗಿದರೆ ಉರುಲು ಸಿದ್ಧವಾಯಿತು. ಹಂದಿಗೆಂದು ಒಡ್ಡಿದ ಉರುಲಿಗೆ ಕರಡಿ ಬೀಳುತ್ತದೆ, ಚಿರತೆ ಬೀಳುತ್ತದೆ. ಒಡ್ಡಿದವನು ಮನೆಯಲ್ಲಿ ಮಲಗಿರುತ್ತಾನೆ, ಸದ್ದಿಲ್ಲ, ಹೊಗೆಯಿಲ್ಲ. ಆದ್ದರಿಂದ ಕಾವಲುಗಾರನ ಕೆಲಸವೆಂದರೆ ನಡಿಗೆ. ಮುಂಜಾನೆಯಿಂದ ಕಾಲುದಾರಿಗಳಲ್ಲಿ ನಡೆಯುವುದು, ಬೇಲಿಯ ಬುಡ ನೋಡುವುದು, ಪೊದೆಯ ಬಾಯಿ ನೋಡುವುದು, ಸಿಕ್ಕ ತಂತಿಯನ್ನು ಕಿತ್ತು ಜೋಳಿಗೆಗೆ ಹಾಕಿಕೊಳ್ಳುವುದು. ಇದರಲ್ಲಿ ಯಾವ ಸಾಹಸಕಥೆಯೂ ಇಲ್ಲ. ಒಂದು ದಿನ ನಡೆಯದಿದ್ದರೆ ಮಾತ್ರ ಅದರ ಬೆಲೆ ತಿಳಿಯುತ್ತದೆ.

ಕರಡಿಯ ಕಥೆಯಲ್ಲಿ ಇನ್ನೊಂದು ಅಧ್ಯಾಯವಿದೆ, ಅದನ್ನು ಮರೆಯುವಂತಿಲ್ಲ. ಒಂದು ಕಾಲಕ್ಕೆ ಊರ ಬೀದಿಗಳಲ್ಲಿ ಕರಡಿ ಆಡಿಸುವವರು ಬರುತ್ತಿದ್ದುದನ್ನು ಹಿರಿಯರು ಬಲ್ಲರು. ಆ ಕರಡಿಗಳೆಲ್ಲ ತಾಯಿಯನ್ನು ಕೊಂದು ಹಿಡಿದು ತಂದ ಮರಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಆಟವನ್ನು ನಿಷೇಧಿಸಿತಾದರೂ ಕರಡಿಯ ಮೂಗುದಾರ ಮೂವತ್ತು ವರ್ಷ ಕಳೆದರೂ ಕಳಚಲಿಲ್ಲ. ಕಲಂದರರ ಕುಟುಂಬಗಳಿಗೆ ಕರಡಿಯನ್ನು ಒಪ್ಪಿಸಿದರೆ ಬೇರೆ ಕಸುಬಿಗೆ ಹಣ, ಮಕ್ಕಳಿಗೆ ಶಾಲೆ ಎಂಬ ಏರ್ಪಾಡು ಆದಮೇಲೆಯೆ ಅದು ಕಳಚಿದ್ದು. ದೇಶದ ಕಟ್ಟಕಡೆಯ ಕುಣಿಯುವ ಕರಡಿ 2009ರಲ್ಲಿ ಬನ್ನೇರುಘಟ್ಟದ ಕರಡಿಗಳ ಆಶ್ರಯತಾಣವನ್ನು ಸೇರಿತು. ಕಾನೂನು ಹೇಳಿದ್ದು ಬೇಡವೆಂದು. ಬಿಡಿಸಿದ್ದು ಬೇರೊಂದು ತುತ್ತಿನ ದಾರಿ. ಸಿರುಗುಪ್ಪದ ಹಾದಿ ಹಿಡಿಯುವ ಪ್ರವಾಸಿಯು ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳುವುದು ಲೇಸು.

ತೆಕ್ಕಲಕೋಟೆಯಲ್ಲಿ ಗುಡ್ಡಗಳು ಕೊನೆಯ ಬಾರಿ ತಲೆಯೆತ್ತಿ ಹಿಂದೆ ಸರಿಯುತ್ತವೆ. ಮುಂದೆ ಕಪ್ಪುನೆಲ. ಬಳ್ಳಾರಿ ಪಟ್ಟಣದಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ದೂರದ ಸಿರುಗುಪ್ಪ ಒಂದೇ ತಾಲ್ಲೂಕಿನಲ್ಲಿ ಎರಡು ದೇಶಗಳನ್ನು ಇಟ್ಟುಕೊಂಡ ಊರು. ತುಂಗಭದ್ರೆಯ ಕಾಲುವೆ ಮುಟ್ಟಿದ ಕಡೆ ಭತ್ತದ ಹಸಿರು, ಸಾಲುಸಾಲು ಅಕ್ಕಿಗಿರಣಿ, ಕೊಕ್ಕರೆಗಳ ಹಿಂಡು. ಕಾಲುವೆ ಮುಟ್ಟದ ಕಡೆ ಆಕಾಶವನ್ನೇ ನಂಬಿದ ಎರೆಹೊಲ. ಹಿಂಗಾರಿ ಜೋಳ, ಕಡಲೆ, ಕುಸುಬೆ, ಹತ್ತಿ, ನಡುನಡುವೆ ಬಿತ್ತದೆ ಬಿಟ್ಟ ಬೀಳು. ಎರೆಯ ಮಣ್ಣಿನ ಗುಣ ವಿಚಿತ್ರ. ಬೇಸಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುತ್ತದೆ. ಮಳೆ ಬಿದ್ದರೆ ನಡೆಯುವವನ ಪಾದಕ್ಕೆ ಎರಡು ಸೇರು ತೂಕದ ಮಣ್ಣಿನ ಎಕ್ಕಡ ಕಟ್ಟುತ್ತದೆ. ಗಿಡಮರಗಳು ಈ ಮಣ್ಣಿಗೆ ಒಗ್ಗುವುದು ಅಪರೂಪ. ಹುಲ್ಲಿಗೂ ಜೋಳಕ್ಕೂ ಇದು ತವರು.

ಈ ನೆಲದ ಹಕ್ಕಿಯ ಹೆಸರು ಎರೆಭೂತ. ಹೆಬ್ಬಕವೆಂಬ ಹೆಸರೂ ಬಳಕೆಯಲ್ಲಿದೆ. ತೆಲುಗರಿಗೆ ಇದು ಬಟ್ಟಮೇಕ, ಮರಾಠಿಗರಿಗೆ ಮಾಳಢೋಕ, ರಾಜಸ್ಥಾನದವರಿಗೆ ಗೋಡಾವಣ; ಇಂಗ್ಲಿಷ್ ಪುಸ್ತಕಗಳಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಇಷ್ಟರಲ್ಲಿ ನಮ್ಮ ಹಳ್ಳಿಗರ ಹೆಸರಿಗೆ ಸಮನಾದದ್ದು ಇನ್ನೊಂದಿಲ್ಲ. ಎರೆ ಎಂದರೆ ಕಪ್ಪುಮಣ್ಣು. ಸಂಜೆಯ ಮಬ್ಬಿನಲ್ಲಿ ಕೊಯ್ಲಾದ ಜೋಳದ ಹೊಲದ ನಡುವೆ ಆಳುದ್ದಕ್ಕೆ ಸ್ವಲ್ಪ ಕಡಿಮೆಯಾದದ್ದೊಂದು ಆಕೃತಿ, ಬಿಳಿಯ ಕತ್ತು ಚಾಚಿ ಸದ್ದಿಲ್ಲದೆ ನಿಂತಿದೆ. ಎರಡು ಹೆಜ್ಜೆ ಇಟ್ಟು ನೋಡಿದರೆ ಅಲ್ಲಿ ಏನೂ ಇಲ್ಲ. ಭೂತವೆನ್ನದೆ ಇನ್ನೇನೆಂದಾರು? ಹೆಸರಿಟ್ಟವನು ಯಾವ ಕಾಲದ ಕುರುಬನೋ, ಕವಿಹೃದಯದವನಿರಬೇಕು.

ನಿಂತರೆ ಸುಮಾರು ಒಂದು ಮೀಟರ್ ಎತ್ತರ. ಬಲಿತ ಗಂಡು 15 ಕಿಲೋಗ್ರಾಂವರೆಗೂ ತೂಗುತ್ತದೆ. ಹಾರಬಲ್ಲ ಹಕ್ಕಿಗಳಲ್ಲಿ ಇಷ್ಟು ಭಾರವಾದವು ಜಗತ್ತಿನಲ್ಲೇ ಕೆಲವು ಮಾತ್ರ. ತಲೆಗೆ ಕರಿಯ ಟೊಪ್ಪಿಗೆ, ಬಿಳಿಯ ಕೊರಳು, ಮಣ್ಣುಬಣ್ಣದ ಬೆನ್ನು, ಗಂಡಿನ ಎದೆಗೆ ಅಡ್ಡಲಾಗಿ ಒಂದು ಕಪ್ಪುಪಟ್ಟಿ. ಮಳೆಗಾಲದ ಆರಂಭದಲ್ಲಿ ಗಂಡುಹಕ್ಕಿ ತುಸು ಎತ್ತರದ ನೆಲ ಹುಡುಕಿ ನಿಂತು, ಗಂಟಲಚೀಲವನ್ನು ಗಾಳಿಯಿಂದ ತುಂಬಿ ಮೊಣಕಾಲವರೆಗೆ ಜೋಲುಬಿಟ್ಟು, ಬಾಲವನ್ನು ಬೆನ್ನಮೇಲೆ ಬೀಸಣಿಗೆಯಂತೆ ಬಿಚ್ಚಿ ಹೂಂಕರಿಸುತ್ತದೆ. ಹೆಣ್ಣು ಒಲಿದರೆ ಬರಿನೆಲದ ಮೇಲೆ ಒಂದು ಮೊಟ್ಟೆ. ಒಂದೇ ಒಂದು. ಗೂಡಿಲ್ಲ, ಕಡ್ಡಿಯಿಲ್ಲ. ಅದರ ಮೇಲೆ ತಾಯಿ ಒಬ್ಬಳೇ ಸುಮಾರು 27 ದಿನ ಕೂರಬೇಕು. ಆ ಇಪ್ಪತ್ತೇಳು ದಿನಗಳಲ್ಲಿ ಆ ದಾರಿಯಲ್ಲಿ ಒಂದು ಬೀದಿನಾಯಿ ಬಂದರೂ ಆ ವರ್ಷದ ಸಂಸಾರ ಮುಗಿಯಿತು.

1969ರಲ್ಲಿ ಇಡೀ ದೇಶದಲ್ಲಿ ಈ ಹಕ್ಕಿಗಳು ಸುಮಾರು 1,260 ಇದ್ದುವೆಂದು ಅಂದಾಜು ಮಾಡಲಾಗಿತ್ತು. ಇಂದು ಉಳಿದಿರುವುದು 150ರ ಆಸುಪಾಸು. ಅವುಗಳಲ್ಲಿ ಬಹುಪಾಲು ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ. ದಕ್ಷಿಣದಲ್ಲಿ ಬೆರಳೆಣಿಕೆ. ಕರ್ನಾಟಕದ ಪಾಲಿಗೆ ಬಂದ ಆ ಬೆರಳೆಣಿಕೆಯ ನೆಲೆಯೆ ಸಿರುಗುಪ್ಪದ ಎರೆ. ರಾಷ್ಟ್ರಪಕ್ಷಿಯ ಆಯ್ಕೆಯ ಕಾಲದಲ್ಲಿ ಸಲೀಂ ಅಲಿಯವರು ಇದರ ಪರವಾಗಿ ವಾದಿಸಿದ್ದರು. 1963ರಲ್ಲಿ ನವಿಲಿಗೆ ಕಿರೀಟ ಸಂದಿತು. ನವಿಲಿಗೆ ಅದರ ಅಗತ್ಯ ಅಷ್ಟಾಗಿ ಇರಲಿಲ್ಲ.

ಇಷ್ಟು ಕಡಿಮೆಯಾದದ್ದು ಹೇಗೆ? ಮೊದಲನೆಯ ತಪ್ಪು ಬಂದೂಕಿನದೆ. ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಆಂಗ್ಲ ಅಧಿಕಾರಿಯೊಬ್ಬನೆ 1809ರಿಂದ 1829ರವರೆಗೆ ಅಹಮದ್‌ನಗರ ಸೀಮೆಯಲ್ಲಿ 961 ಹಕ್ಕಿಗಳನ್ನು ಹೊಡೆದುರುಳಿಸಿದ. ಅಂದರೆ ಇಂದು ದೇಶದಲ್ಲಿ ಉಳಿದಿರುವುದರ ಆರು ಪಾಲು ಒಬ್ಬನ ವಿನೋದಕ್ಕೆ ಸಂದಿತು. ಸ್ವಾತಂತ್ರ್ಯಾನಂತರ ಜೀಪಿನಲ್ಲಿ ಬಂದ ಬೇಟೆಗಾರರು ಉಳಿದದ್ದನ್ನು ತೆಳುವಾಗಿಸಿದರು. ಯುಗಾದಿಯ ಸಮಯದಲ್ಲಿ ಬಲೆ, ದೊಣ್ಣೆ, ನಾಯಿಗಳೊಡನೆ ಮೊಲದ ಬೇಟೆಗೆ ಹೊರಡುವ ರೂಢಿ ಈ ಕಡೆಯ ಕೆಲವು ಊರುಗಳಲ್ಲಿತ್ತು. ಅಂತಹ ಗದ್ದಲದಲ್ಲಿ ನೆಲದ ಹಕ್ಕಿ ನೆಮ್ಮದಿಯಿಂದಿರುವುದೆಂತು? 1972ರ ಕಾಯಿದೆ ಎರೆಭೂತವನ್ನೂ ಚಿಗರಿಯನ್ನೂ ಮೊದಲನೆಯ ಪರಿಶಿಷ್ಟದಲ್ಲಿರಿಸಿ ಹುಲಿಯ ಸಾಲಿಗೆ ತಂದಿತು. ಕೊಂದವನಿಗೆ 3ರಿಂದ 7 ವರ್ಷ ಸೆರೆ. 2022ರ ತಿದ್ದುಪಡಿಯಂತೆ ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ.

ಕತ್ತಲ ರಾತ್ರಿಗಳಲ್ಲಿ ಚಿಗರಿಯ ಕಣ್ಣಿಗೆ ದೀಪ ಹಾಯಿಸಿ ಹೊಡೆಯುವವರನ್ನು ಹಿಡಿಯಲು ಗಸ್ತು ಬೇಕು. ಆದರೆ ಎರೆಭೂತದ ಮಟ್ಟಿಗೆ ಬಂದೂಕು ಇಂದು ಮೊದಲನೆಯ ಶತ್ರುವಲ್ಲ. ಎರೆಹೊಲದ ಕಾವಲು ತೊಡಕಾಗುವುದು ಇಲ್ಲಿಯೆ. ಕಲ್ಲುಗುಡ್ಡದಲ್ಲಿ ಅಪರಾಧಿಯಿದ್ದಾನೆ, ತಂತಿಯ ಉರುಲಿದೆ, ಹಿಡಿಯಬಹುದು. ಎರೆಯಲ್ಲಿ ಹಕ್ಕಿಯನ್ನು ಕೊಲ್ಲುತ್ತಿರುವ ಸಂಗತಿಗಳಲ್ಲಿ ಒಂದೂ ಅಪರಾಧವಲ್ಲ.

ವಿದ್ಯುತ್ತಿನ ತಂತಿ ಅಪರಾಧವೆ? ಅದು ನಾಡಿನ ಬೆಳಕು. ಆದರೆ ನೆಲವನ್ನು ನೋಡುತ್ತ ಹಾರುವ ಈ ಹಕ್ಕಿಗೆ ಎದುರಿನ ತಂತಿ ಸರಿಯಾಗಿ ಕಾಣದು. ಕಂಡರೂ ಅಷ್ಟು ಭಾರದ ದೇಹವನ್ನು ಥಟ್ಟನೆ ತಿರುಗಿಸಲಾಗದು. ಥಾರಿನಲ್ಲಿ ವರ್ಷಕ್ಕೆ ಸುಮಾರು 18 ಹಕ್ಕಿಗಳು ಹೀಗೆ ಸಾಯುತ್ತವೆಂದು ಭಾರತೀಯ ವನ್ಯಜೀವಿ ಸಂಸ್ಥೆಯವರು ಲೆಕ್ಕಹಾಕಿದ್ದರು. ಸರ್ವೋಚ್ಚ ನ್ಯಾಯಾಲಯವು 2021ರ ಏಪ್ರಿಲ್ 19ರಂದು ತಂತಿಗಳನ್ನು ನೆಲದಡಿಗೆ ಇಳಿಸಬೇಕೆಂದು ಆಜ್ಞಾಪಿಸಿತು. 2024ರ ಮಾರ್ಚ್ 21ರಂದು ಆ ಆಜ್ಞೆಯನ್ನು ಸಡಿಲಿಸಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಅದೆಲ್ಲ ರಾಜಸ್ಥಾನ ಗುಜರಾತುಗಳ ಮಾತು. ಸಿರುಗುಪ್ಪದ ಹಕ್ಕಿಯ ಮೇಲೆ ಆ ಆಜ್ಞೆಯ ನೆರಳು ಬೀಳಲಿಲ್ಲ. ಹತ್ತಾರು ಹಕ್ಕಿಗಳಿರುವಲ್ಲಿ ಒಂದು ಸತ್ತರೆ ನಷ್ಟ. ಬೆರಳೆಣಿಕೆಯಿರುವಲ್ಲಿ ಒಂದು ಸತ್ತರೆ ಒಂದು ಬೆರಳೇ ಹೋದಂತೆ.

ನೀರು ಅಪರಾಧವೆ? 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಹರಿದಂದು ಬರಗಾಲದ ನಾಡೆಂದು ಹೆಸರಾದ ಬಳ್ಳಾರಿ ಜಿಲ್ಲೆ ಮರುಹುಟ್ಟು ಪಡೆಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಜಿಲ್ಲೆ ಮೈಸೂರು ಸಂಸ್ಥಾನವನ್ನು ಸೇರಿ, ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದುವು. (ಎಲ್ಲೆಗಲ್ಲು ನೆಟ್ಟವರು ಹಕ್ಕಿಯನ್ನು ಕೇಳಲಿಲ್ಲ, ಅದು ಇಂದಿಗೂ ಎರಡೂ ರಾಜ್ಯಗಳ ಕಡಲೆಯನ್ನು ತಿನ್ನಲು ಹಿಂದೆಮುಂದೆ ನೋಡುವುದಿಲ್ಲ.) ಗಂಜಿಗೆ ಪರದಾಡಿದ ಅಜ್ಜನ ಮೊಮ್ಮಗ ಎರಡು ಬೆಳೆ ಭತ್ತ ತೆಗೆಯುತ್ತಾನೆಂದರೆ ಅದನ್ನು ಕಂಡು ಹೊಟ್ಟೆಯುರಿ ಪಡುವ ಪಕ್ಷಿಪ್ರೇಮ ಯಾರಿಗೂ ಬೇಡ. ಆದರೆ ಗದ್ದೆಯ ಕೆಸರಿನಲ್ಲಿ ಎರೆಭೂತ ಕಾಲಿಡಲಾರದು. ಕಾಲುವೆಯೋ ಕೊಳವೆಬಾವಿಯೋ ಒಂದೊಂದು ಹೆಜ್ಜೆ ಮುಂದಿಟ್ಟಂತೆ ಅದು ಒಂದೊಂದು ಹೆಜ್ಜೆ ಹಿಂದಿಡುತ್ತದೆ. ಮಳೆಯಾಧಾರದ ಹೊಲದಲ್ಲಿಯೂ ಜೋಳ ಕಡಲೆಗಳ ಸ್ಥಳಕ್ಕೆ ಹತ್ತಿ ಬಂದು, ಹತ್ತಿಯ ಹಿಂದೆ ಔಷಧಿ ಸಿಂಪಡಿಕೆ ಬಂದು, ಮಿಡತೆ ಜೀರುಂಡೆಗಳು ಸತ್ತು, ಹಕ್ಕಿಯ ತಟ್ಟೆ ಬರಿದಾಗುತ್ತಿದೆ. ಊರ ಹೊರಗೆ ಸತ್ತ ದನಗಳನ್ನು ತಿಂದು ಕೊಬ್ಬಿದ ನಾಯಿಗಳ ಹಿಂಡೊಂದು ಬೇರೆ.

ಹಾಗಾದರೆ ಸರ್ಕಾರವು ಒಂದು ಗೆರೆ ಎಳೆದು ಅಭಯಾರಣ್ಯವೆಂದು ಘೋಷಿಸಿಬಿಡಲಿ ಎನ್ನುವವರುಂಟು. ಗೆರೆ ಎಳೆದ ಅನುಭವ ನಮಗೆ ಇಲ್ಲದಿಲ್ಲ. ನಮ್ಮ ರಾಣೆಬೆನ್ನೂರಿನಲ್ಲಿ 1974ರಲ್ಲಿಯೇ ಕೃಷ್ಣಮೃಗ ಅಭಯಾರಣ್ಯವಾಯಿತು; ಎರೆಭೂತವೂ ಅಲ್ಲಿತ್ತು. ಆದರೆ ಬೋಳುಬಯಲು ಕಂಡರೆ ಸಸಿ ನೆಡಬೇಕೆಂಬ ಹುಮ್ಮಸ್ಸಿನಲ್ಲಿ ಹುಲ್ಲುಗಾವಲಿನಲ್ಲಿ ನೀಲಗಿರಿ ಬೆಳೆಸಲಾಯಿತು. ಮರ ಬಂದಿತು, ಹಕ್ಕಿ ಹೋಯಿತು. ಹಸಿರೆಲ್ಲ ಕಾಡಲ್ಲವೆಂಬ ಪಾಠಕ್ಕೆ ಇಷ್ಟು ದುಬಾರಿಯ ಶುಲ್ಕ ತೆತ್ತವರು ಕಡಿಮೆ. ಮಧ್ಯಪ್ರದೇಶದ ಕರೇರಾದಲ್ಲಿ 1981ರಲ್ಲಿ ಇದೇ ಹಕ್ಕಿಗೆಂದು ಅಭಯಾರಣ್ಯ ಮಾಡಿದರು. ಒಳಗೆ ಸಿಕ್ಕಿದ್ದು ರೈತರ ಸ್ವಂತ ಜಮೀನು. ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಮಗಳ ಮದುವೆಗೆ ಎಕರೆ ಮಾರಲಾಗದ ರೈತನಿಗೆ ಹಕ್ಕಿ ಶನಿಯಾಗಿ ಕಂಡರೆ ಆಶ್ಚರ್ಯವೇನು? 1990ರ ದಶಕದ ನಡುವಿನೊಳಗೆ ಅಲ್ಲಿ ಹಕ್ಕಿಯೇ ಇಲ್ಲವಾಯಿತು. ಕಟ್ಟುಪಾಡು ಮಾತ್ರ ಬಹುಕಾಲ ಉಳಿಯಿತು. ಸಿರುಗುಪ್ಪದ ನೆರೆಯಲ್ಲೇ ಕರ್ನೂಲು ಸೀಮೆಯ ರೋಳ್ಳಪಾಡಿನಲ್ಲಿ 1988ರ ಅಭಯಾರಣ್ಯವಿದೆ. ಅಲ್ಲಿ ಚಿಗರಿ ಹೆಚ್ಚಿ ಸುತ್ತಲಿನ ಬೆಳೆಗೆ ಬಾಯಿ ಹಾಕಿತು, ಎರೆಭೂತ ಮರೆಯಾಯಿತು.

ಈ ಮೂರರಿಂದಲೂ ತಿಳಿಯುವುದು ಇಷ್ಟೆ: ಕಲ್ಲುಗುಡ್ಡದ ಮದ್ದು ಎರೆಹೊಲಕ್ಕೆ ನಾಟುವುದಿಲ್ಲ. ಕರಡಿಯ ಗುಹೆಯನ್ನು ಯಾರೂ ಉಳುವುದಿಲ್ಲ. ಎರೆಭೂತ ಮೊಟ್ಟೆಯಿಡುವ ನೆಲಕ್ಕೆ ಪಹಣಿಯುಂಟು, ಪಾಲುದಾರರುಂಟು, ಬ್ಯಾಂಕಿನ ಸಾಲವುಂಟು. ಹಕ್ಕಿಯ ನಿಜವಾದ ಕಾವಲುಗಾರ ಆ ಹೊಲದ ಒಡೆಯ. ಅವನ ಬದಿಯಲ್ಲಿ ಕುರಿ ಮೇಯಿಸುವವನು. ಕುರಿಯ ಹಿಂಡು ಹೋದ ಬೀಳಿನಲ್ಲಿ ಹುಲ್ಲು ಹಿಡಿತಕ್ಕೆ ಬರುತ್ತದೆ, ಮಿಡತೆ ಏಳುತ್ತದೆ. ಹಕ್ಕಿಗೆ ಅದು ಒಪ್ಪುತ್ತದೆ. ಇಲಾಖೆಯ ಕಾವಲುಗಾರ ಎಷ್ಟೇ ನಡೆದರೂ ಬಯಲಿನ ತುಂಬ ಇರಲಾರ. ಬೆಳಗಿನಿಂದ ಸಂಜೆಯವರೆಗೆ ಕೋಲೂರಿ ದಿಗಂತ ನೋಡುತ್ತ ನಿಲ್ಲುವ ಕಸುಬಿನವನಿಗಿಂತ ಚುರುಕಾದ ಕಣ್ಣನ್ನು ಯಾವ ದೂರದರ್ಶಕವೂ ಕೊಡಲಾರದು.

ಅವನನ್ನು ಜತೆಗೆ ಕರೆದುಕೊಳ್ಳುವ ದಾರಿ ಕಾನೂನಿನಲ್ಲಿಯೂ ಇದೆ. ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯು ಸಮುದಾಯ ಮೀಸಲು ಎಂಬ ಹೊಸ ಏರ್ಪಾಡನ್ನು ತಂದಿತು. ಖಾಸಗಿ ಅಥವಾ ಊರೊಟ್ಟಿನ ಜಮೀನಿನವರು ತಾವಾಗಿ ಮುಂದೆ ಬಂದರೆ, ಒಡೆತನ ಅವರಲ್ಲೇ ಉಳಿದು, ಊರಿನವರ ಸಮಿತಿಯೆ ಅದನ್ನು ನೋಡಿಕೊಳ್ಳುತ್ತದೆ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರು 2007ರಲ್ಲಿ ಹೀಗೆ ಸಮುದಾಯ ಮೀಸಲಾಯಿತು. ಅಲ್ಲಿ ಹಕ್ಕಿ ಗೂಡು ಕಟ್ಟುವ ಹುಣಸೆಮರ ಮನೆಯಂಗಳದ್ದು. ಹಣ್ಣಿನ ಆದಾಯ ಬಿಟ್ಟ ಮನೆಯವರಿಗೆ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಹಣ ಕೊಟ್ಟಿತು. ಇನ್ನು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2017ರಲ್ಲಿ ಪಕ್ಷಿಗಳ ಸಂರಕ್ಷಣಾ ಮೀಸಲಾಯಿತಾದರೂ ಅದು ಸರ್ಕಾರದ ನೆಲ. ಆ ಮಾತು ಸುಲಭ.

ಸಿರುಗುಪ್ಪದ ರೈತ ಈ ಏರ್ಪಾಡಿಗೆ ಕೂಡಲೆ ತಲೆದೂಗುತ್ತಾನೆಂದು ಭಾವಿಸಬಾರದು. ಒಮ್ಮೆ ಸಮುದಾಯ ಮೀಸಲೆಂದು ಘೋಷಣೆಯಾದಮೇಲೆ ಸಮಿತಿಯ ಠರಾವು, ಸರ್ಕಾರದ ಒಪ್ಪಿಗೆ ಇಲ್ಲದೆ ಭೂಮಿಯ ಬಳಕೆಯನ್ನು ಬದಲಿಸುವಂತಿಲ್ಲ. ನಾಳೆ ಕಾಲುವೆ ಬಂದರೆ ಗದ್ದೆ ಮಾಡುವಂತಿಲ್ಲವೆ ಎಂದು ಅವನು ಕೇಳುತ್ತಾನೆ. ಕೇಳಬೇಕಾದ ಪ್ರಶ್ನೆಯೆ. ಹುಣಸೆಮರದ ಒಂದು ವರ್ಷದ ಹಣ್ಣಿನ ಬೆಲೆ ಕಟ್ಟುವುದು ಸುಲಭ. ನೀರಾವರಿಯ ಆಸೆಯ ಬೆಲೆ ಕಟ್ಟುವುದು ಕಷ್ಟ. ಆದರೆ ಅದನ್ನು ಕಟ್ಟದೆ ಹಕ್ಕಿಯನ್ನು ಉಳಿಸುತ್ತೇವೆನ್ನುವುದು ರೈತನ ಜೇಬಿನಿಂದ ದಾನ ಮಾಡಿ ಪುಣ್ಯವನ್ನು ತಾವು ಪಡೆಯುವ ಹಂಚಿಕೆ.

ಇದು ಆಗದ ಮಾತಲ್ಲವೆಂಬುದಕ್ಕೆ ದೂರದ ಪೋರ್ಚುಗಲ್ ದೇಶದ ಕಾಸ್ಟ್ರೋ ವೆರ್ಡೆ ಸಾಕ್ಷಿ. ಅಲ್ಲಿಯೂ ಎರೆಭೂತದ ದಾಯಾದಿ ಹಕ್ಕಿಯುಂಟು. ಅಲ್ಲಿಯೂ ಬಯಲುಸೀಮೆ, ಗೋಧಿಯ ಹೊಲ, ಬೀಳು, ಕುರಿ. ಸೋಜಿಗವೆಂದರೆ ಅಲ್ಲಿಗೂ ಶತ್ರುವಾಗಿ ಬಂದದ್ದು ನೀಲಗಿರಿಯ ನೆಡುತೋಪೆ. ನಿಸರ್ಗಪ್ರೇಮಿಗಳ ಸಂಘವೊಂದು 1993ರಿಂದ ಜಮೀನು ಕೊಂಡು ತೋಪನ್ನು ತಡೆಯಿತು. 1995ರಿಂದ, ಗೋಧಿ ಬೆಳೆದು ಮುಂದೆ ಬೀಳುಬಿಡುವ ಹಳೆಯ ಪದ್ಧತಿಯನ್ನು ಉಳಿಸಿಕೊಂಡ ರೈತರಿಗೆ ಸರ್ಕಾರವು ಹಣ ಕೊಡತೊಡಗಿತು. ಹಕ್ಕಿಗಳು ಹೆಚ್ಚಿದುವು. ನಮ್ಮಲ್ಲಿ ಬೀಳುಬಿಟ್ಟವನನ್ನು ಸೋಮಾರಿಯೆನ್ನುತ್ತೇವೆ. ಅವರು ಬೀಳನ್ನೇ ಒಂದು ಬೆಳೆಯೆಂದು ಎಣಿಸಿದರು. ಸಿರುಗುಪ್ಪದಲ್ಲಿ ಎಲ್ಲ ಹೊಲಗಳೂ ಹಾಗಿರಬೇಕಾಗಿಲ್ಲ. ಗಂಡುಹಕ್ಕಿ ಕುಣಿಯುವ ದಿಣ್ಣೆ, ಹೆಣ್ಣು ಮೊಟ್ಟೆಯಿಡುವ ಬೀಳು, ಇವೆರಡರ ಸುತ್ತಲಿನ ಜೋಳ ಕಡಲೆಯ ಹೊಲ. ಇಷ್ಟಕ್ಕೆ ನ್ಯಾಯವಾದ ಪ್ರತಿಫಲ ದೊರೆತು, ಅಷ್ಟರ ಮೇಲಿನ ತಂತಿಗಳು ನೆಲಕ್ಕಿಳಿದರೆ, ಅಥವಾ ಹಕ್ಕಿಯ ಕಣ್ಣಿಗೆ ಕಾಣುವಂತಹ ತೂಗುಬಿಲ್ಲೆಗಳನ್ನಾದರೂ ಅವಕ್ಕೆ ಕಟ್ಟಿದರೆ, ಊರ ನಾಯಿಗಳ ಸಂತಾನ ಹತೋಟಿಗೆ ಬಂದರೆ ಕಾವಲಿಗೆ ಒಂದು ಅರ್ಥ ಬಂದೀತು.

ರಾಜಸ್ಥಾನದ ಸಮ್ ಎಂಬಲ್ಲಿ 2019ರಿಂದ ಕಾಡಿನ ಮೊಟ್ಟೆಗಳನ್ನು ತಂದು ಮರಿಮಾಡಿಸುವ ಕೇಂದ್ರ ನಡೆಯುತ್ತಿದೆ. 2024ರ ಅಕ್ಟೋಬರಿನಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಹುಟ್ಟಿತು. ದೊಡ್ಡ ಸಾಧನೆಯೆ. ಅಲ್ಲಿನ ಮರಿಗಳು ಬಲಿತು, ಎಂದಾದರೊಂದು ದಿನ ದಕ್ಷಿಣದ ಬಯಲಿಗೂ ಬಿಡೋಣವೆಂದು ವಿಜ್ಞಾನಿಗಳು ಹೊ­ರಟರೆ ಅವರು ಮೊದಲು ಹುಡುಕುವುದು ಹಕ್ಕಿಯನ್ನಲ್ಲ, ನೆಲವನ್ನು.

ಪ್ರವಾಸಿಗೆ ಕೊನೆಯದಾಗಿ ಒಂದು ಸೂಚನೆ. ಸಿರುಗುಪ್ಪಕ್ಕೆ ಹೋಗುವುದಾದರೆ ಚಳಿಗಾಲದಲ್ಲಿ ಹೋಗಬೇಕು. ಜೋಳ ತೆನೆಗಟ್ಟಿರುತ್ತದೆ, ಕಡಲೆ ಕಾಯಿಗಟ್ಟಿರುತ್ತದೆ. ಉತ್ತರದ ದೇಶಗಳಿಂದ ಬಂದ ಸೆಳೆವಗಳು ಹೊಲದ ಮೇಲೆ ತೇಲುತ್ತಿರುತ್ತವೆ. ಕರಿಯ ಗಂಡುಚಿಗರಿ ಹಿಂಡಿನ ಮುಂದೆ ನೆಗೆಯುವುದು ರಸ್ತೆಯಿಂದಲೇ ಕಾಣಿಸೀತು. ಎರೆಭೂತ ಎಲ್ಲಿದೆಯೆಂದು ಮಾತ್ರ ಯಾರನ್ನೂ ಕೇಳಬಾರದು. ಕ್ಯಾಮರಾ ಹಿಡಿದು ಹೊಲದೊಳಗೆ ಕಾರು ನುಗ್ಗಿಸುವವನ ಕೈಯಲ್ಲಿ ಕೋವಿಯಿಲ್ಲವೆಂಬುದು ಮೊಟ್ಟೆಯ ಮೇಲೆ ಕುಳಿತ ತಾಯಿಗೆ ತಿಳಿಯುವುದಿಲ್ಲ. ಅವಳು ಎದ್ದು ಹೋಗುತ್ತಾಳೆ. ಬಿಸಿಲಿಗೆ ಬಿದ್ದ ಆ ಮೊಟ್ಟೆ ಬಹಳ ಹೊತ್ತು ತಡೆಯದು.